ಆರ್ಕೇಟಾದ ಜೌಗಿನ ಏರಿಯ ಮೇಲೆ

ಸ್ಯಾನ್ ಫ್ರಾನ್ಸಿಸ್ಕೋದಿಂದ 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 450 ಕಿ.ಮೀ. ಸಾಗಿದರೆ ಹಂಬೋಲ್ಟ್ ಕೊಲ್ಲಿಯ ತುದಿಯಲ್ಲಿ ಆರ್ಕೇಟಾ ಸಿಗುತ್ತದೆ. ಹದಿನೆಂಟು ಸಾವಿರದ ಆಸುಪಾಸಿನ ಜನಸಂಖ್ಯೆಯ ಪುಟ್ಟ ಊರು. ಈ ದಾರಿಯಲ್ಲಿ ಬರುವವರು ಸಾಮಾನ್ಯವಾಗಿ ರೆಡ್‌ವುಡ್ ಮರಗಳನ್ನು ನೋಡಲು ಬರುತ್ತಾರೆ. ನನಗೆ ನೋಡಬೇಕಿದ್ದದ್ದು ಈ ಊರಿನ ಒಳಚರಂಡಿಯ ನೀರು ಹೋಗಿ ಸೇರುವ ಜಾಗ.

ಆ ನೀರನ್ನು ಸಂಸ್ಕರಿಸುವ ಘಟಕದ ಮೊದಲ ಭಾಗದಲ್ಲಿ ವಿಶೇಷವೇನಿಲ್ಲ. ಕಸ ತಡೆಯುವ ಜಾಲರಿ, ಮರಳು ಇಳಿಸುವ ತೊಟ್ಟಿ, ಕೆಸರು ತಳಕ್ಕೆ ಕೂರುವ ದುಂಡನೆಯ ಕೊಳ, ಆ ಕೆಸರನ್ನು ಕೊಳೆಸುವ ಡೈಜೆಸ್ಟರ್. ನಿಜವಾದ ಕೆಲಸ ಶುರುವಾಗುವುದು ಆಮೇಲೆ, ವಿಶಾಲವಾದ ಆಕ್ಸಿಡೇಷನ್ ಕೊಳಗಳಲ್ಲಿ. ನೀರು ಹಸಿರಾಗಿತ್ತು, ಪಾಚಿ. ಅದು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ಅದನ್ನು ಬಳಸಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ. ಆದರೆ ಆ ಪಾಚಿಯೇ ಈಗ ನೀರಿನಲ್ಲಿ ಉಳಿದ ಹೊಸ ಕಲ್ಮಶ. ಅದನ್ನು ತೆಗೆಯಲು ನೀರನ್ನು ಜೊಂಡು ಬೆಳೆದ ಜೌಗಿಗೆ ಹಾಯಿಸುತ್ತಾರೆ. ಒತ್ತಾಗಿ ನಿಂತ ಜೊಂಡಿನ ನೆರಳಲ್ಲಿ ಬೆಳಕು ಸಿಗದೆ ಪಾಚಿ ಸತ್ತು ತಳಕ್ಕಿಳಿಯುತ್ತದೆ. ನೀರೊಳಗಿನ ಒಂದೊಂದು ದಂಟಿಗೂ ಸೂಕ್ಷ್ಮಜೀವಿಗಳ ಲೋಳೆಪದರ ಅಂಟಿಕೊಂಡಿರುತ್ತದೆ. ನಿಧಾನವಾಗಿ ಸರಿಯುವ ನೀರಿನಲ್ಲಿ ಉಳಿದ ಕೊಳೆಯನ್ನು ಕರಗಿಸುವುದು ಅದೇ. ಗಿಡವೇ ನೀರನ್ನು ಶುದ್ಧ ಮಾಡುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಗಿಡ ಕೊಡುವುದು ಮುಖ್ಯವಾಗಿ ನೆರಳು ಮತ್ತು ಆಸರೆ. ಉಳಿದದ್ದಕ್ಕೆ ಬೇಕಾದದ್ದು ಸಮಯ, ಮತ್ತು ಆ ಸಮಯ ನೀರು ನಿಲ್ಲಲು ಬೇಕಾದಷ್ಟು ನೆಲ.

ಆ ನೆಲದ ಕತೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿತು. ಈಗ ಬಾತುಗಳು ಈಜುವ ಈ ಅಂಚಿನಲ್ಲಿ ಹಿಂದೆ ಮರದ ಕಾರ್ಖಾನೆಗಳು ದಿಮ್ಮಿಗಳನ್ನು ತೇಲಿಬಿಡುತ್ತಿದ್ದ ಕೊಳಗಳಿದ್ದವು, ಊರಿನ ಕಸ ಸುರಿಯುವ ಜಾಗವಿತ್ತು. ಹುಲ್ಲು ಹೊದ್ದ ಗುಡ್ಡವೊಂದರ ಅಡಿಯಲ್ಲಿ ಇವತ್ತಿಗೂ ಆ ಕಸವಿದೆ. 1974ರಲ್ಲಿ ಕ್ಯಾಲಿಫೋರ್ನಿಯಾ ಸರಕಾರ ಕೊಲ್ಲಿಗಳಿಗೆ ತ್ಯಾಜ್ಯ ನೀರು ಬಿಡುವುದಕ್ಕೆ ಕಡಿವಾಣ ಹಾಕಿತು. ಬಿಡಲೇಬೇಕೆಂದರೆ ಅದರಿಂದ ಕೊಲ್ಲಿಗೆ ಒಳಿತಾಗುತ್ತದೆಂದು ತೋರಿಸಬೇಕಿತ್ತು. ಸುತ್ತಲಿನ ಊರುಗಳೆಲ್ಲ ಸೇರಿ ಒಂದೇ ದೊಡ್ಡ ಘಟಕ ಕಟ್ಟಿ, ನೀರನ್ನು ಕೊಳವೆಯಲ್ಲಿ ಸಾಗರಕ್ಕೆ ಸಾಗಿಸುವ ಯೋಜನೆ ಸಿದ್ಧವಾಯಿತು. ಆ ಖರ್ಚನ್ನು ಆರ್ಕೇಟಾ ಒಪ್ಪಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯದ ಜಾರ್ಜ್ ಅಲೆನ್ ಆಗಲೇ ಸಂಸ್ಕರಿಸಿದ ನೀರನ್ನು ಸಮುದ್ರದ ನೀರಿಗೆ ಬೆರೆಸಿ ಸಾಲ್ಮನ್ ಮರಿಗಳನ್ನು ಸಾಕುತ್ತಿದ್ದರು. ಅದೇ ವಿಶ್ವವಿದ್ಯಾಲಯದ ರಾಬರ್ಟ್ ಗಿಯರ್‌ಹಾರ್ಟ್ ಜೌಗಿನ ಪ್ರಯೋಗ ನಡೆಸಿ, ಅಂಕಿಅಂಶಗಳನ್ನು ಮುಂದಿಟ್ಟರು. 1986ರಲ್ಲಿ ಪೂರ್ಣ ವ್ಯವಸ್ಥೆ ಶುರುವಾಯಿತು. ಮರುವರ್ಷ ಫೋರ್ಡ್ ಪ್ರತಿಷ್ಠಾನದ ಪ್ರಶಸ್ತಿ ಬಂತು. ಈಗ ಒಂದು ಜೌಗಿಗೆ ಅಲೆನ್ ಹೆಸರು, ಇನ್ನೊಂದಕ್ಕೆ ಗಿಯರ್‌ಹಾರ್ಟ್ ಹೆಸರು. ವಾದದಲ್ಲಿ ಗೆಲ್ಲಲು ಛಲವೊಂದೇ ಸಾಲದು, ಅಳತೆಗಳೂ ಬೇಕಿದ್ದವು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಏರಿಯ ಮೇಲಿನ ಕಾಲುದಾರಿಯಲ್ಲಿ ಊರವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಓಡಾಡುತ್ತಿದ್ದರು. ಸುಮಾರು 300 ಎಕರೆಯ ಈ ಜಾಗದಲ್ಲಿ ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ನಾನು ಹೋದಾಗ ಕೊಲ್ಲಿ ಇಳಿತದಲ್ಲಿತ್ತು. ಕೆಸರಿನ ಬಯಲಲ್ಲಿ ಉದ್ದ ಕೊಕ್ಕಿನ ಗಾಡ್‌ವಿಟ್‌ಗಳು, ಜೊಂಡಿನ ಅಂಚಿನಲ್ಲಿ ಬೆಳ್ಳಕ್ಕಿಗಳು. ಕೆಟ್ಟ ವಾಸನೆ ಘಟಕದ ಹತ್ತಿರ ಮಾತ್ರ, ಅದೂ ಗಾಳಿ ಇತ್ತ ತಿರುಗಿದಾಗ.

ಒಂದು ಆತಂಕವಿದೆ. ಹಂಬೋಲ್ಟ್ ಕೊಲ್ಲಿಯ ಸುತ್ತ ನೆಲವೇ ಕುಸಿಯುತ್ತಿರುವುದರಿಂದ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲೆಲ್ಲ ಸಮುದ್ರಮಟ್ಟ ವೇಗವಾಗಿ ಏರುತ್ತಿರುವುದು ಇಲ್ಲಿ. ಕೊಳಗಳಿಗೂ ಉಪ್ಪುನೀರಿಗೂ ನಡುವೆ ಇರುವುದು ನಾನು ನಡೆದ ಈ ಮಣ್ಣಿನ ಏರಿ ಮಾತ್ರ. ಅದನ್ನು ಎಷ್ಟು ಎತ್ತರಿಸಬೇಕು, ಎಷ್ಟು ಕಾಲ ಎತ್ತರಿಸುತ್ತಾ ಹೋಗಬಹುದು ಎಂಬುದನ್ನು ಊರು ಈಗ ಲೆಕ್ಕ ಹಾಕಲೇಬೇಕಾಗಿದೆ.

ನೀವು ಹೋಗುವುದಾದರೆ ಭರತ ಇಳಿತದ ವೇಳಾಪಟ್ಟಿ ನೋಡಿಕೊಂಡು, ಭರತ ಏರುತ್ತಿರುವಾಗ ಹೋಗಿ. ಕೆಸರು ಮುಳುಗುತ್ತಾ ಬಂದಂತೆ ಹಕ್ಕಿಗಳು ಏರಿಯ ಹತ್ತಿರಕ್ಕೇ ಬರುತ್ತವೆ.