ಶ್ರೀಹರಿಕೋಟಾದಲ್ಲಿ ಆ ಒಂದು ನಿಮಿಷ

2023 ಜುಲೈ 30, ಭಾನುವಾರ ಬೆಳಗ್ಗೆ, ನಾನೂ ನಮ್ಮಕ್ಕನ ಮಗನೂ ಶ್ರೀಹರಿಕೋಟಾದ ಗ್ಯಾಲರೀಲಿ ಕೂತಿದ್ವಿ. ರಾತ್ರಿಯೆಲ್ಲಾ ನಿದ್ದೆ ಇಲ್ಲ, ಸುಳ್ಳೂರುಪೇಟೆಲಿ ಟೀ ಕುಡಿದು, ಪುಲಿಕಾಟ್ ಸರೋವರದ ಮಧ್ಯ ಹೋಗೋ ರೋಡಲ್ಲಿ ಬಂದಿದ್ದು. 6:30ಕ್ಕೆ ಅಂತಿದ್ದ ಇಸ್ರೋದ ಪಿಎಸ್‌ಎಲ್‌ವಿ ಸಿ56 ರಾಕೆಟ್ ಲಾಂಚು 6:31 ಅಂತಾಯ್ತು. ಪಕ್ಕದವ್ರು "ಏನೋ ಪ್ರಾಬ್ಲಂ ಇರ್ಬೇಕು" ಅಂದಿದ್ದೇ ಹುಡುಗನ ಮುಖ ಸಪ್ಪಗಾಯ್ತು. "ಮಾಮ, ಕ್ಯಾನ್ಸಲ್ ಆಗತ್ತಾ?"

ರಾಕೆಟ್ಟಿಗೇನೂ ಆಗಿರ್ಲಿಲ್ಲ ಕಣೋ, ಮೇಲೆ ದಾರಿ ಖಾಲಿ ಇರ್ಲಿಲ್ಲ. ರಾಕೆಟ್ ಯಾವ ಸೆಕೆಂಡಲ್ಲಿ ಎಲ್ಲಿರತ್ತೆ ಅಂತ ಮುಂಚೇನೇ ಲೆಕ್ಕ ಹಾಕಿ, ಮೇಲೆ ಸುತ್ತುತ್ತಿರೋ ಸ್ಯಾಟಲೈಟು, ಹಳೇ ರಾಕೆಟ್ ತುಂಡು ಎಲ್ಲದರ ಜೊತೆ ತಾಳೆ ನೋಡ್ತಾರೆ, ಯಾವ್ದಾದ್ರೂ ತೀರಾ ಹತ್ತಿರ ಬರತ್ತೆ ಅಂದ್ರೆ ಆ ಟೈಮ್ ಬಿಟ್ಬಿಡ್ತಾರೆ. ಅಲ್ಲಿ ಸ್ಪೀಡು ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್, ನಾವು ಒಂದು ನಿಮಿಷ ಕಾದ್ರೆ ಅಡ್ಡ ಇದ್ದಿದ್ದು 450 ಕಿಲೋಮೀಟರ್ ಆಚೆ ಹೋಗಿರತ್ತೆ!

ಈ ಲೆಕ್ಕ ಹಾಕೋ ಜಾಗ ನಮ್ಮ ಬೆಂಗಳೂರಿನ ಪೀಣ್ಯದಲ್ಲೇ ಇದೆ, ಸ್ಯಾಟಲೈಟುಗಳ ಮೇಲೆ ಕಣ್ಣಿಡೋ ಇಸ್ರೋ ಕೇಂದ್ರ ಇಸ್ಟ್ರಾಕ್ ಕ್ಯಾಂಪಸ್ಸಲ್ಲಿ, 2022ರ ಜುಲೈನಲ್ಲಿ ಇದಕ್ಕೆ ಅಂತ್ಲೇ ಒಂದು ಸೆಂಟರ್ ಶುರುವಾಯ್ತು. ಲಾಂಚ್ ಆದ್ಮೇಲೂ ಸ್ಯಾಟಲೈಟಿಗೆ ಏನೂ ಡಿಕ್ಕಿ ಹೊಡೀದ ಹಾಗೆ ನೋಡ್ಕೊಳ್ತಾನೇ ಇರ್ಬೇಕು. ಹತ್ತಿರ ಬರತ್ತೆ ಅಂತ ಒಂದು ದಿನ ಮುಂಚೆ ಗೊತ್ತಾದ್ರೂ ಸಾಕು, ಸ್ಯಾಟಲೈಟಿನ ಸ್ಪೀಡನ್ನ ಸೆಕೆಂಡಿಗೆ ಒಂದೇ ಒಂದು ಸೆಂಟಿಮೀಟರ್ ಬದಲಾಯಿಸಿದ್ರೆ ಮಾರನೇ ದಿನಕ್ಕೆ ಅದು ಇರ್ಬೇಕಾದ ಜಾಗದಿಂದ ಎರಡು ಕಿಲೋಮೀಟರಿಗಿಂತ ಜಾಸ್ತಿ ಸರಿದಿರತ್ತೆ, ಕೊನೇ ಗಳಿಗೆವರೆಗೂ ಬಿಟ್ರೆ ಅಷ್ಟೇ ದೂರ ಸರಿಯೋಕೆ ಎಷ್ಟೋ ಪಟ್ಟು ಇಂಧನ ಬೇಕು. ಚಂದ್ರನ ಹತ್ರಾನೂ ಇದೇ ಕಥೆ. 2021 ಅಕ್ಟೋಬರ್ 20ಕ್ಕೆ ಚಂದ್ರನ ಸುತ್ತ ಸುತ್ತೋ ನಮ್ಮ ಚಂದ್ರಯಾನ-2 ಆರ್ಬಿಟರು, ನಾಸಾದ ಎಲ್‌ಆರ್‌ಒ ನೌಕೆ ಎರಡೂ ಚಂದ್ರನ ಉತ್ತರ ಧ್ರುವದ ಹತ್ತಿರ 3 ಕಿಲೋಮೀಟರ್ ಸಮೀಪ ಬರತ್ತೆ ಅಂತ ಲೆಕ್ಕ ಬಂತು, ಎತ್ತರದ ವ್ಯತ್ಯಾಸ ಅಂತೂ 100 ಮೀಟರಿಗಿಂತ ಕಮ್ಮಿ. ಎರಡೂ ಕಡೆಯವ್ರು ಮಾತಾಡ್ಕೊಂಡು, 18ನೇ ತಾರೀಕು ರಾತ್ರಿನೇ ನಮ್ಮವ್ರು ಆರ್ಬಿಟರನ್ನ ಸರಿಸಿದ್ರು.

6:31ಕ್ಕೆ ಸರಿಯಾಗಿ ರಾಕೆಟ್ ಎದ್ದಿತು, ಮೊದಲು ಬೆಳಕು, ಸದ್ದು ಆಮೇಲೆ ಬಂದು ಎದೆಗೇ ಬಡೀತು, ಹುಡುಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡುಬಿಟ್ಟ. ಸಿಂಗಾಪುರದ ಏಳೂ ಸ್ಯಾಟಲೈಟುಗಳನ್ನ ಸುಮಾರು 535 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾದ್ಮೇಲೆ ರಾಕೆಟ್ಟಿನ ಕೊನೇ ಭಾಗ, ಅಂದ್ರೆ ನಾಲ್ಕನೇ ಹಂತವನ್ನ ಅಲ್ಲೇ ಕಸದ ಥರ ಬಿಡ್ಲಿಲ್ಲ, ಬೇಗ ಬಿದ್ದು ಉರಿದುಹೋಗ್ಲಿ ಅಂತ 300 ಕಿಲೋಮೀಟರಿಗೆ ಇಳಿಸಿದ್ರು. ನಂಗೆ ಲಾಂಚಿಗಿಂತ ಇದೇ ದೊಡ್ಡದು ಅನ್ನಿಸ್ತು. ವಾಪಸ್ ಬರ್ತಾ ಹುಡುಗ "ಎಲ್ಲಾ ದೇಶದವ್ರೂ ಹಿಂಗೇ ಇಳಿಸ್ತಾರಾ ಮಾಮ?" ಅಂದ. ಇಲ್ಲಪ್ಪ, ಎಲ್ಲರೂ ಇಳಿಸಲ್ಲ ಅಂದೆ.