ನನ್ನದೊಂದು ವೋಟಿನಿಂದ ಏನಾಗಬೇಕಿದೆ ಅನ್ನುವವರಿಗೆ

ಚುನಾವಣೆ ಹತ್ತಿರ ಬಂದಾಗಲೆಲ್ಲ ನಾವು ನಾಲ್ಕೈದು ಜನ ಗೆಳೆಯರು ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮನೆಮನೆಗೆ ಹೋಗುತ್ತೇವೆ. ಪಟ್ಟಿಯಲ್ಲಿ ಹೆಸರಿದೆಯಾ ನೋಡಿಕೊಳ್ಳಿ, ಮರೀದೆ ವೋಟ್ ಹಾಕಿ ಅಂತ ಹೇಳಿ ಬರುತ್ತೇವೆ, ಅಷ್ಟೇ. ಪಕ್ಷದ ಮಾತು ಎತ್ತುವುದಿಲ್ಲ. ನಮ್ಮಲ್ಲೇ ಮೂರು ಪಕ್ಷದವರಿದ್ದಾರೆ, ಎತ್ತಿದರೆ ಗೇಟ್ ದಾಟುವ ಮೊದಲೇ ಜಗಳ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ: "ನನ್ನದೊಂದು ವೋಟಿನಿಂದ ಏನಾಗಬೇಕಿದೆ ಹೇಳಿ ಸಾರ್?"

ಇದಕ್ಕೆ ಸಾಮಾನ್ಯವಾಗಿ ಸಂತೇಮರಹಳ್ಳಿ ಕಥೆ ಹೇಳುತ್ತಾರೆ. 2004ರ ವಿಧಾನಸಭೆ ಚುನಾವಣೆ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ. ಕಾಂಗ್ರೆಸ್‌ನ ಧ್ರುವನಾರಾಯಣ ಅವರಿಗೆ 40,752 ವೋಟು, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು. ತೀರಾ ಹಳೇದಾಯ್ತು ಅನ್ನುವವರಿಗೆ 2023ರ ಜಯನಗರ ಇದೆ. ರಾತ್ರಿಯವರೆಗೂ ಮರುಎಣಿಕೆ ನಡೆದು ಬಿಜೆಪಿಯ ಸಿ.ಕೆ. ರಾಮಮೂರ್ತಿ 16 ವೋಟಿನಲ್ಲಿ ಗೆದ್ದರು. ಒಂದು ಸಣ್ಣ ಅಪಾರ್ಟ್‌ಮೆಂಟಿನವರು ಮನಸ್ಸು ಮಾಡಿದ್ದರೆ ಫಲಿತಾಂಶ ಬೇರೆ ಆಗುತ್ತಿತ್ತು.

ಕಥೆ ಕೇಳಿ ಜನ "ಹೌದಾ!" ಅನ್ನುತ್ತಾರೆ. ಆಮೇಲೆ ಬುದ್ಧಿವಂತರು ಒಬ್ಬರು ಇದ್ದೇ ಇರುತ್ತಾರೆ. "ಅದೆಲ್ಲ ಲಾಟರಿ ಹೊಡೆದ ಹಾಗೆ. ನಮ್ಮ ಕ್ಷೇತ್ರದಲ್ಲಿ ಯಾವತ್ತೂ ಇಪ್ಪತ್ತು ಸಾವಿರದ ಅಂತರ ಇರತ್ತೆ." ಅವರ ಮಾತು ಸರಿಯೇ. ಅದಕ್ಕೇ ನಾನು ಸಂತೇಮರಹಳ್ಳಿಯನ್ನು ಜಾಸ್ತಿ ನೆಚ್ಚಿಕೊಳ್ಳುವುದಿಲ್ಲ. ನನ್ನ ಉತ್ತರ ಬೂತಿನದ್ದು.

ಕ್ಷೇತ್ರ ದೊಡ್ಡದು, ಎರಡು ಮೂರು ಲಕ್ಷ ಮತದಾರರು. ಆದರೆ ನೀವು ವೋಟ್ ಹಾಕುವ ಬೂತು ಚಿಕ್ಕದು. ಸಾವಿರದ ಆಸುಪಾಸು ಹೆಸರು. ನಿಮ್ಮ ಬೀದಿ, ಪಕ್ಕದ ಎರಡು ಕ್ರಾಸು, ಅಷ್ಟರಲ್ಲಿ ಮುಗಿಯಿತು. ಎಣಿಕೆ ಆದ ಮೇಲೆ ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನುವ ಲೆಕ್ಕ ಹೊರಗೆ ಬರುತ್ತದೆ. ಫಾರಂ 20 ಅಂತಾರೆ ಅದನ್ನ. ಯಾರು ಬೇಕಾದರೂ ನೋಡಬಹುದು, ಪಕ್ಷದವರಂತೂ ಕನ್ನಡಕ ಹಾಕಿಕೊಂಡು ಓದುತ್ತಾರೆ. ನೀವು ಯಾರಿಗೆ ಹಾಕಿದಿರಿ ಅನ್ನುವುದು ಗುಟ್ಟು. ನಿಮ್ಮ ಬೂತಿಗೆ ಎಷ್ಟು ಜನ ಬಂದರು ಅನ್ನುವುದು ಊರಿಗೆಲ್ಲ ಗೊತ್ತಾಗುವ ವಿಷಯ. ಸಾವಿರದಲ್ಲಿ ನಾನೂರೇ ಜನ ಬಂದ ಬೀದಿಯವರು ಚರಂಡಿ ಕಟ್ಟಿಕೊಂಡಿದೆ ಅಂತ ಎಮ್ಮೆಲ್ಲೆ ಮನೆ ಮುಂದೆ ನಿಂತರೆ, ಅವರ ಪಕ್ಕದಲ್ಲಿ ನಿಂತ ಕಾರ್ಯಕರ್ತನಿಗೆ ಆ ನಾನೂರು ನೆನಪಿರುತ್ತದೆ. ಕೆಲಸ ಆಗದಿರುವುದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಇದೂ ಒಂದು ಕಾರಣ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ನಮ್ಮ ಗುಂಪಿನಲ್ಲಿ ಮಂಡ್ಯ ಕಡೆಯವನೊಬ್ಬನಿದ್ದಾನೆ. ಇಪ್ಪತ್ತು ವರ್ಷದಿಂದ ಬೆಂಗಳೂರಲ್ಲೇ ಇದ್ದರೂ ವೋಟು ಮಾತ್ರ ಊರಲ್ಲಿ. 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ನೂರಕ್ಕೆ 81ಕ್ಕಿಂತ ಜಾಸ್ತಿ ಜನ ವೋಟ್ ಹಾಕಿದರು, ಬೆಂಗಳೂರು ದಕ್ಷಿಣದಲ್ಲಿ 53ರ ಆಸುಪಾಸು. ಇವನು ಅದನ್ನು ಹೇಳಿಕೊಂಡು ತಿರುಗುತ್ತಾನೆ. ಊರಲ್ಲಿ ಏನಾಗುತ್ತದೆ ಅಂತ ಅವನ ಬಾಯಲ್ಲೇ ಕೇಳಬೇಕು. ಸ್ಕೂಲಿನಿಂದ ಸ್ವಲ್ಪ ದೂರ ಮರದ ಕೆಳಗೆ ಪಕ್ಷದವರ ಟೇಬಲ್ಲು. ಟೇಬಲ್ ಮೇಲೆ ಪಟ್ಟಿ, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು. ಬಂದವರ ಹೆಸರಿಗೆ ಗೆರೆ ಬೀಳುತ್ತಾ ಹೋಗುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗೆರೆ ಬೀಳದ ಮನೆಗೆ ಬೈಕು ಹೊರಡುತ್ತದೆ. "ಅಜ್ಜಿ ಯಾಕಿನ್ನೂ ಬಂದಿಲ್ಲ? ಬಾರಜ್ಜಿ, ಕೂತ್ಕೋ ಹಿಂದೆ." ವೋಟ್ ಹಾಕದೆ ಮನೆಯಲ್ಲಿ ಕೂತರೆ ಸಂಜೆ ಅಂಗಡಿ ಮುಂದೆ ನಾಲ್ಕು ಜನ ಕೇಳುತ್ತಾರೆ. ಇಲ್ಲಿ ಪಕ್ಕದ ಫ್ಲಾಟಿನವರ ಹೆಸರೇ ಗೊತ್ತಿಲ್ಲ, ಇನ್ನು ಅವರು ವೋಟ್ ಹಾಕಿದರಾ ಅಂತ ಕೇಳುವವರು ಯಾರು?

ಹಾಗಂತ ಬೆಂಗಳೂರಿನವರೆಲ್ಲ ಸೋಮಾರಿಗಳು, ರಜೆ ಸಿಕ್ಕಿದ ಕೂಡಲೇ ಕೂರ್ಗು ಚಿಕ್ಕಮಗಳೂರು ಅಂತ ಹೊರಡುತ್ತಾರೆ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೋಗುವವರು ಇದ್ದಾರೆ, ಸುಳ್ಳಲ್ಲ. ಆದರೆ ಮನೆ ಬಾಗಿಲಿಗೆ ಹೋದಾಗ ನಮಗೆ ಜಾಸ್ತಿ ಸಿಗುವವರು ಬೇರೆ. ಹಾಕೋ ಮನಸ್ಸಿದೆ, ಹೆಸರು ಇಲ್ಲಿಲ್ಲ. ಮನೆ ಬದಲಾಯಿಸಿ ಮೂರು ವರ್ಷ ಆಗಿದೆ, ವೋಟು ಇನ್ನೂ ಹಳೇ ಏರಿಯಾದಲ್ಲಿ. ಇಲ್ಲವೇ ಹುಬ್ಬಳ್ಳಿಯಲ್ಲಿ, ಹಾಸನದಲ್ಲಿ. ಬೂತ್ ಹತ್ತಿರ ಬಂದು ಕಾರ್ಡ್ ತೋರಿಸಿ "ಇದು ಅಸಲಿ ಕಾರ್ಡು ಕಣ್ರೀ" ಅಂತ ಸಿಟ್ಟಾಗುತ್ತಾರೆ. ಕಾರ್ಡು ಅಸಲಿಯೇ. ಆದರೆ ವೋಟು ಇರುವುದು ಪಟ್ಟಿಯಲ್ಲಿ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಹಾಕಬಹುದು. ಕಾರ್ಡಿದ್ದು ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಯಾರೂ ಏನೂ ಮಾಡಲಾಗದು.

ಬಾಡಿಗೆ ಮನೆಯವರ ಪಾಡು ಇನ್ನೊಂದು ಥರ. ಕರೆಂಟ್ ಬಿಲ್ಲು ಓನರ್ ಹೆಸರಲ್ಲಿ. ಅಗ್ರಿಮೆಂಟು ಸ್ಟಾಂಪ್ ಪೇಪರಿನಲ್ಲಿದೆ, ನೋಂದಣಿ ಆಗಿಲ್ಲ, ಹಾಗಾಗಿ ವಿಳಾಸದ ದಾಖಲೆಯಾಗಿ ನಡೆಯುವುದಿಲ್ಲ. "ಇಲ್ಲಿ ನಮ್ಮ ಹೆಸರು ಸೇರಿಸೋದು ಆಗಲ್ಲ ಬಿಡಿ" ಅಂತ ಕೈಬಿಡುತ್ತಾರೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಈಗಿನ ವಿಳಾಸ ಬದಲಾಯಿಸಿಕೊಂಡರೆ ಸಾಕು, ಅದನ್ನೇ ದಾಖಲೆಯಾಗಿ ಕೊಡಬಹುದು. ಇದು ಗೊತ್ತಿಲ್ಲದೆ ಎರಡು ಮೂರು ಚುನಾವಣೆ ಕಳೆದುಕೊಂಡವರನ್ನು ನೋಡಿದ್ದೇವೆ. ಅದಕ್ಕೇ ವೋಟಿನ ಹಿಂದಿನ ದಿನ ವಾಟ್ಸಾಪಿನಲ್ಲಿ "ತಪ್ಪದೆ ಮತ ಚಲಾಯಿಸಿ" ಅಂತ ಫೋಟೋ ಕಳಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾಮಪತ್ರ ಸಲ್ಲಿಸುವ ಕೊನೇ ದಿನ ದಾಟಿದ ಮೇಲೆ ಪಟ್ಟಿಗೆ ಒಂದು ಹೆಸರೂ ಸೇರುವುದಿಲ್ಲ. ಹೇಳುವುದಿದ್ದರೆ ಮೂರು ತಿಂಗಳು ಮೊದಲು ಹೇಳಬೇಕು.

"ನಿಂತವರು ಯಾರೂ ಸರಿಯಿಲ್ಲ" ಅನ್ನುವವರಿಗೆ ನೋಟಾ ಇದೆ, 2013ರಿಂದ. ಅದಕ್ಕೆ ಎಷ್ಟು ಬಿದ್ದರೂ ಉಳಿದವರಲ್ಲಿ ಮುಂದಿರುವವರೇ ಗೆಲ್ಲುತ್ತಾರೆ, ನಿಜ. ಆದರೂ ಬೂತಿನ ಲೆಕ್ಕದಲ್ಲಿ ನೀವು ಬಂದಿದ್ದಿರಿ ಅಂತ ಇರುತ್ತದೆ. ಮನೆಯಲ್ಲಿ ಕೂತರೆ ಅದೂ ಇರಲ್ಲ.

ಮಂಡ್ಯದವನ ಜೊತೆ ನಮ್ಮ ವಾದ ಇನ್ನೂ ಮುಗಿದಿಲ್ಲ. ನೀರು, ಕಸ, ರಸ್ತೆ ಎಲ್ಲ ಇಲ್ಲಿಯದು ಬಳಸುತ್ತೀಯ, ವೋಟು ಇಲ್ಲಿಗೇ ತಾ ಅನ್ನುತ್ತೇವೆ. ಎರಡು ಕಡೆ ಹೆಸರಿಟ್ಟುಕೊಳ್ಳಲು ಕಾನೂನು ಬಿಡುವುದಿಲ್ಲ, ಒಂದನ್ನು ಆರಿಸಲೇಬೇಕು. "ಇಲ್ಲಿ ಕಾರ್ಪೊರೇಟರ್ ಚುನಾವಣೆ 2015ರಲ್ಲಿ ಆಯ್ತು, 2020ಕ್ಕೆ ಅವರ ಅವಧಿ ಮುಗೀತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲ. ನಮ್ಮೂರಲ್ಲಿ ಪಂಚಾಯ್ತಿ ಮೆಂಬರ್ ಫೋನ್ ಎತ್ತುತ್ತಾನೆ" ಅನ್ನುತ್ತಾನೆ ಅವನು. ಇದಕ್ಕೆ ನಮ್ಮ ಹತ್ತಿರ ಒಳ್ಳೆ ಉತ್ತರ ಇಲ್ಲ.

ನೀವು ಹೆಸರನ್ನು ಇಲ್ಲಿಗೆ ತರುವವರಾದರೆ ಫಾರಂ 8, ಮೊದಲ ಸಲ ಸೇರುವವರಾದರೆ ಫಾರಂ 6. ಫೋನಿನಲ್ಲೇ ತುಂಬಬಹುದು, ಗೊಂದಲ ಆದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಫೋಟೋ ಮತ್ತು ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಕೂತರೆ ಬೇಗ ಮುಗಿಯುತ್ತದೆ.