ಎರಡು ಟನ್ ಏಸಿ ಹಾಕಿಸಿಕೊಂಡು ಜಿಗುಟು ಮೈಯಲ್ಲಿ ಮಲಗಿದ್ದು

ಮಲಗುವ ಕೋಣೆಗೆ ಏಸಿ ತರುವಾಗ ನಾನು ಹಾಕಿದ ಲೆಕ್ಕ ಒಂದೇ: ಇರಲಿ, ದೊಡ್ಡದೇ ಇರಲಿ. ಒಂದು ಟನ್ ಸಾಕಾಗುವ ಚಿಕ್ಕ ಕೋಣೆ. ತಂದಿದ್ದು ಎರಡು ಟನ್. ಮಾರಿದವರು ಬೇಡ ಅನ್ನಲಿಲ್ಲ. ಯಾಕೆ ಅಂತಾರೆ?

ಹಾಕಿದ ಹತ್ತೇ ನಿಮಿಷಕ್ಕೆ ಕೋಣೆ ತಣ್ಣಗಾಯಿತು, ಕಂಪ್ರೆಸರ್ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರು, ಮತ್ತೆ ಬಂದ್. ರಾತ್ರಿಯಿಡೀ ಇದೇ ಆಟ. ವಿಚಿತ್ರ ಅಂದರೆ ರಿಮೋಟ್ 24 ಡಿಗ್ರಿ ಅನ್ನುತ್ತಿದ್ದರೂ ಮೈಯೆಲ್ಲ ಜಿಗುಟು, ಹೊದಿಕೆ ಹಸಿ ಹಸಿ. ಮೆಷಿನ್ ಕೆಟ್ಟಿದೆ ಅಂತ ಎರಡು ಸಲ ರಿಪೇರಿಗೆ ಕರೆಸಿದೆ. ಕೆಟ್ಟಿರಲಿಲ್ಲ.

ಆಮೇಲೆ ಕೂತು ಓದಿದಾಗ ಗೊತ್ತಾಯಿತು. ಏಸಿಗೆ ಎರಡು ಕೆಲಸ. ಗಾಳಿಯ ಬಿಸಿ ತೆಗೆಯುವುದು ಒಂದು, ಗಾಳಿಯಲ್ಲಿರುವ ತೇವ ತೆಗೆಯುವುದು ಇನ್ನೊಂದು. ಎರಡನೆಯದಕ್ಕೆ ಸಮಯ ಬೇಕು. ಒಳಗಿನ ಕಾಯಿಲ್, ಅಂದರೆ ಗಾಳಿ ತಂಪು ಮಾಡುವ ಕೊಳವೆಗಳ ಸುರುಳಿ, ಚೆನ್ನಾಗಿ ತಣ್ಣಗಾಗಿ, ಅದರ ಮೇಲೆ ನೀರು ಹನಿಗಟ್ಟಿ, ಇಳಿದು, ಪೈಪಿನಲ್ಲಿ ಹೊರಗೆ ಹೋಗಬೇಕು. ನನ್ನ ಮೆಷಿನ್ ಅಷ್ಟರೊಳಗೆ ನಿಂತುಬಿಡುತ್ತಿತ್ತು, ಫ್ಯಾನ್ ಮಾತ್ರ ತಿರುಗುತ್ತಾ ಕಾಯಿಲ್ ಮೇಲಿದ್ದ ನೀರನ್ನು ವಾಪಸ್ ಕೋಣೆಗೇ ಊದುತ್ತಿತ್ತು! ಪದೇ ಪದೇ ನಿಂತು ಶುರುವಾಗುವುದರಿಂದ ಕಂಪ್ರೆಸರ್ ಬೇಗ ಸವೆಯುತ್ತದೆ ಅನ್ನುವುದು ಬೇರೆ.

ಟನ್ ಅನ್ನುವುದು ಮೆಷಿನ್ನಿನ ತೂಕ ಅಲ್ಲ. ಐಸಿನಿಂದ ತಂಪು ಮಾಡುತ್ತಿದ್ದ ಕಾಲದ ಅಳತೆ ಅದು. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಒಂದು ಟನ್. ಗಂಟೆಗೆ 12,000 ಬಿಟಿಯು (ಶಾಖ ಅಳೆಯುವ ಒಂದು ಮಾನ), ಸುಮಾರು ಮೂರೂವರೆ ಕಿಲೋವ್ಯಾಟ್. ಇಬ್ಬರು ಮಲಗುವ ಕೋಣೆಗೆ ನಾನು ದಿನಕ್ಕೆ 1,800 ಕಿಲೋ ಐಸ್ ತರಿಸಿಟ್ಟ ಹಾಗಾಯಿತು.

ಇಷ್ಟು ಚದರಡಿಗೆ ಇಷ್ಟು ಟನ್ ಅನ್ನುತ್ತಾರಲ್ಲ, ಅದು ಅಂದಾಜಿಗೆ ಸರಿ, ಖರೀದಿಗೆ ಅಲ್ಲ. ಒಂದೇ ಅಳತೆಯ ಎರಡು ಕೋಣೆ ತಗೊಳ್ಳಿ. ಒಂದಕ್ಕೆ ಪಶ್ಚಿಮಕ್ಕೆ ದೊಡ್ಡ ಕಿಟಕಿ, ಮೇಲೆ ಬರೀ ತಾರಸಿ, ಇಡೀ ದಿನ ಕಾದು ಸಂಜೆ ಹೊತ್ತಿಗೆ ಒಲೆಯ ಹಾಗಾಗಿರುತ್ತದೆ. ಇನ್ನೊಂದಕ್ಕೆ ಮೇಲೊಂದು ಮನೆ, ಕಿಟಕಿಗೆ ಮರದ ನೆರಳು. ಎರಡಕ್ಕೂ ಒಂದೇ ಏಸಿ ಹೇಗಾಗುತ್ತದೆ? ಸುಮ್ನೆ ಕೂತ ಒಬ್ಬ ಮನುಷ್ಯನೇ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. ಟಿವಿ, ಕಂಪ್ಯೂಟರ್, ಫ್ರಿಜ್ ತಿನ್ನುವ ಕರೆಂಟೆಲ್ಲ ಕೊನೆಗೆ ಕೋಣೆಯೊಳಗೆ ಬಿಸಿಯೇ. ಇದನ್ನೆಲ್ಲ ಕೋಣೆ ಕೋಣೆಗೆ ಲೆಕ್ಕ ಹಾಕುವ ಪದ್ಧತಿಗಳಿವೆ. ಅಮೆರಿಕದಲ್ಲಿ ಬಳಸುವ ‘ಮ್ಯಾನ್ಯುಯಲ್ ಜೆ’ ಅಂಥದ್ದೇ ಒಂದು. ಟೇಪು ಹಿಡಿಯದೆ, ಕಿಟಕಿ ಯಾವ ದಿಕ್ಕಿಗಿದೆ ಅಂತಲೂ ಕೇಳದೆ ಟನ್ ಹೇಳುವವರನ್ನು ನಾನಂತೂ ಇನ್ನು ನಂಬುವುದಿಲ್ಲ.

ಚಳಿಗೆ ಹೀಟಿಂಗ್ ಕೂಡ ಬೇಕು ಅನ್ನುವವರು ಅದರ ಲೆಕ್ಕ ಬೇರೆಯೇ ಹಾಕಿಸಿ. ಬೇಸಿಗೆಯಲ್ಲಿ ಕಾಟ ಕೊಟ್ಟ ಬಿಸಿಲು, ಜನ, ಫ್ರಿಜ್ ಎಲ್ಲವೂ ಚಳಿಯಲ್ಲಿ ನಮ್ಮ ಪರ, ಹಾಗಾಗಿ ಎರಡೂ ಅಂಕಿ ಒಂದೇ ಬರುವುದು ಅಪರೂಪ. ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುವ ಮೆಷಿನ್, ಆದರೆ ಇನ್ನೊಂದು ವಿಷಯ: ಹೊರಗೆ ಚಳಿ ಜಾಸ್ತಿಯಾದಷ್ಟೂ ಅದರ ಶಕ್ತಿ ಕಡಿಮೆ. ಡಬ್ಬದ ಮೇಲಿನ ದೊಡ್ಡ ಅಂಕಿ ಬಿಡಿ, ನಿಮ್ಮಲ್ಲಿ ತೀರಾ ಚಳಿ ಇರುವ ದಿನ ಎಷ್ಟು ಕೊಡುತ್ತದೆ ಅಂತ ಕೇಳಿ.

ಇನ್ವರ್ಟರ್ ಏಸಿ, ಅಂದರೆ ಕಂಪ್ರೆಸರ್ ವೇಗವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥದ್ದು, ಆದರೆ ಎಷ್ಟು ದೊಡ್ಡದಾದರೂ ಪರವಾಗಿಲ್ಲ ಅಂತಾರೆ. ಪೂರ್ತಿ ನಿಜ ಅಲ್ಲ. ಅದು ವೇಗ ತಗ್ಗಿಸಿಕೊಳ್ಳುತ್ತದೆ, ಆದರೆ ಅದಕ್ಕೂ ಒಂದು ಕೆಳಮಿತಿ ಇದೆ, ಅದಕ್ಕಿಂತ ಕಡಿಮೆ ಸಾಕಾದರೆ ಅದೂ ನಿಲ್ಲಲೇಬೇಕು.

ನಾನು ಮೊದಲು ಬಾಗಿಲ ಸಂದಿ ಮುಚ್ಚಿಸಿದೆ, ಕಿಟಕಿಗೆ ಹೊರಗಿನಿಂದ ನೆರಳು ಮಾಡಿಸಿದೆ. ಎರಡು ಟನ್ನಿನದು ಮನೆಯ ದೊಡ್ಡ ಹಾಲ್‌ಗೆ ಹೋಯಿತು, ಕೋಣೆಗೆ ಒಂದು ಟನ್ ಬಂತು. ಹೊಸದು ನಿಲ್ಲದೆ ಮೆಲ್ಲಗೆ ಓಡುತ್ತಿರುತ್ತದೆ. ಮೊದಲೆಲ್ಲ ಪೈಪಿನ ಕೆಳಗಿನ ಬಕೆಟ್ಟಿನಲ್ಲಿ ಬೆಳಗ್ಗೆ ತಳ ಮುಚ್ಚುವಷ್ಟು ನೀರೂ ಇರುತ್ತಿರಲಿಲ್ಲ. ಈಗ ಅರ್ಧ ತುಂಬಿರುತ್ತದೆ, ಗಿಡಕ್ಕೆ ಹಾಕುತ್ತೇನೆ.